ಪರಸಿ ಕೆಳಗಿನ ಸಣ್ಣ ಬಿಳಿ ಹುಳ ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ?

ಪರಸಿಮನೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಬಹುದು, ಆದರೂ ಕೇಳುತ್ತೇನೆ.

ನಮ್ಮ ಹಿತ್ತಲಲ್ಲಿ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿದ್ದೇವೆ. ಸಿಮೆಂಟ್ ಹಾಕಿ ಕೂಡಿಸಿಲ್ಲ, ಸುಮ್ನೆ ಮಣ್ಣಿನ ಮೇಲೆ ಇಟ್ಟಿದ್ದು. ಮಳೆಗಾಲದಲ್ಲಿ ಯಾವ ಪರಸಿ ಎತ್ತಿದರೂ ಕೆಳಗೆ ಎರಡು ತರಹದ ಹುಳ ಕಾಣುತ್ತವೆ. ಒಂದು ಬೂದು ಬಣ್ಣದ್ದು, ಮೈಮೇಲೆ ವಿಭೂತಿ ಬಳಿದ ಹಾಗೆ ಪುಡಿ ಇರುತ್ತದೆ, ಬೆಳಕು ಬಿದ್ದ ಕೂಡಲೇ ಓಡಿಬಿಡುತ್ತದೆ. ಇನ್ನೊಂದು ತೀರಾ ಸಣ್ಣದು. ಮೂರು ನಾಲ್ಕು ಮಿಲಿಮೀಟರ್ ಇರಬಹುದು. ಪೂರ್ತಿ ಬಿಳಿ, ನಡಿಗೆ ನಿಧಾನ, ಮುಟ್ಟಿದರೆ ಅಲ್ಲೇ ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಎರಡಕ್ಕೂ ಕಾಲು ಬಹಳ, ಮೈ ಪಟ್ಟಿ ಪಟ್ಟಿ. ಎರಡೂ ಉಂಡೆ ಆಗುವುದಿಲ್ಲ.

ಶ್ರಾವಣದಲ್ಲಿ ಎಲ್ಲಿ ನೋಡಿದರೂ ಇವೇ. ದೀಪಾವಳಿ ಆದಮೇಲೆ ಕಡಿಮೆ ಆಗುತ್ತವೆ. ಹೋದ ತಿಂಗಳು ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಪರಸಿ ಎತ್ತಿ ನೋಡಿದರೆ ಧೂಳು ಬಿಟ್ಟು ಏನೂ ಇಲ್ಲ. ಈಗ ಏಪ್ರಿಲ್, ಬಿಸಿಲು ನಿಮಗೇ ಗೊತ್ತು. ಆದರೆ ಪ್ರತಿ ವರ್ಷ ಮಿರಗದ (ಮೃಗಶಿರ) ಮಳೆ ಎರಡು ಸಲ ಚೆನ್ನಾಗಿ ಬಿದ್ದರೆ ಸಾಕು, ವಾರದೊಳಗೆ ಮತ್ತೆ ಹಾಜರ್. ಅದೂ ಮರಿಗಳಲ್ಲ, ಪೂರ್ತಿ ಬೆಳೆದವೇ ಬರುತ್ತವೆ. ನನಗೆ ತಲೆ ಕೆಟ್ಟಿರುವುದು ಇಲ್ಲೇ. ಇಷ್ಟು ದಿನ ಎಲ್ಲಿದ್ದವು?

ಸೇಡಂ ಕಡೆ ನಮ್ಮ ತೊಗರಿ ಹೊಲ ಇದೆ, ಎರೆ ಮಣ್ಣು. ಅಲ್ಲಿ ಬದುವಿನ ಕಲ್ಲಿನ ಕೆಳಗೂ ಮಳೆಗಾಲದಲ್ಲಿ ಬೂದು ಹುಳ ಸಿಗುತ್ತದೆ. ಹಿತ್ತಲಿಗಾದರೆ ನಾವು ನೀರು ಹಾಕುತ್ತೇವೆ, ಹೊಲದಲ್ಲಿ ಬೇಸಿಗೆಗೆ ಒಂದು ಹನಿ ಇರುವುದಿಲ್ಲ. ಅಲ್ಲಿ ಹೇಗೆ ಬದುಕುತ್ತವೆ? ಗಿಡಕ್ಕೆ ತೊಂದರೆ ಏನಾದರೂ ಇದೆಯಾ ಅನ್ನೋದನ್ನೂ ತಿಳಿದವರು ಹೇಳಿ.

ಬಿಸಿಲೂರು

ಬಿಳಿ ಅಂದರೆ ಗೆದ್ದಲು ಇರುತ್ತದೆ ಸರ್. ಪುಡಿ ಉದುರಿಸಿ ಬಿಡಿ. ಬಾಗಿಲು ಚೌಕಟ್ಟಿಗೆ ಹತ್ತಿದರೆ ಆಮೇಲೆ ಕಷ್ಟ.

ಲೆನ್ಸ್‌ಮೇಷ್ಟ್ರು, ಕಲಬುರಗಿ

ಗೆದ್ದಲು ಅಲ್ಲ, ಪುಡಿ ಬೇಡ. ಗೆದ್ದಲಿಗೆ ಆರು ಕಾಲು. ಇವಕ್ಕೆ ಏಳು ಜೊತೆ, ಅಂದರೆ 14. ಇವು ಕೀಟವೇ ಅಲ್ಲ. ಏಡಿ, ಸೀಗಡಿ ಇರುವ ಗುಂಪಿನವು, ಸಮುದ್ರ ಬಿಟ್ಟು ನೆಲಕ್ಕೆ ಬಂದು ಇಲ್ಲೇ ಉಳಿದವು. ಇಂಗ್ಲಿಷ್‌ನಲ್ಲಿ ವುಡ್‌ಲೌಸ್ ಅಂತಾರೆ, ಸಾಕುವ ಶೋಕಿಯವರು ಐಸೊಪಾಡ್ ಅಂತಾರೆ. ನೆಲದ ಮೇಲೆ ಬದುಕುವ ಜಾತಿಗಳೇ 3,600ಕ್ಕಿಂತ ಜಾಸ್ತಿ ಇವೆ.

ನೀವು ಹೇಳಿದ ಬೂದು ಹುಳದ ಪುಡಿ, ಓಟ, ಎರಡನ್ನೂ ನೋಡಿದರೆ ಪೋರ್ಸೆಲಿಯೋನಿಡೀಸ್ ಪ್ರುಯಿನೋಸಸ್. ಮೂಲ ಮೆಡಿಟರೇನಿಯನ್ ಸಮುದ್ರದ ಸುತ್ತಲಿನದು, ಮನುಷ್ಯನ ಗೊಬ್ಬರ, ಗಿಡ, ಸಾಮಾನುಗಳ ಜೊತೆ ಪ್ರಪಂಚ ಪೂರ್ತಿ ಹರಡಿದೆ. ತಿಪ್ಪೆ ಅಂದರೆ ಅದಕ್ಕೆ ಪ್ರಾಣ. ಮೀಸೆ ಗೆಣ್ಣಿನಲ್ಲಿ ಬಿಳಿ ಉಂಗುರ ಇದೆಯಾ ನೋಡಿ. ಸಣ್ಣ ಬಿಳಿಯದು ಟ್ರೈಕೋರಿನಾ ಟೊಮೆಂಟೋಸಾ ಇರುವ ಸಂಭವ ಜಾಸ್ತಿ. ಅದರ ತವರು ಅಮೆರಿಕದ ಉಷ್ಣವಲಯ, ಅದೂ ಕುಂಡದ ಗಿಡಗಳ ಜೊತೆಗೇ ಊರೂರು ತಿರುಗಿದ್ದು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಗಂಡಿಲ್ಲದೆ ಮರಿ ಹಾಕುತ್ತದೆ. ನರ್ಸರಿ ಮಣ್ಣಿನ ಜೊತೆ ಒಂದೇ ಒಂದು ಬಂದರೂ ಸಂಸಾರ ಶುರು.

ಆದರೆ ಬಿಳಿ ಇದ್ದದ್ದೆಲ್ಲ ಅದೇ ಅಂತ ಅಂದುಕೊಳ್ಳಬೇಡಿ, ಬೂದು ಹುಳದ ಮರಿಯೂ ಹುಟ್ಟಿದಾಗ ಬಿಳಿಯೇ. ಸುಲಭದ ಪರೀಕ್ಷೆ ಇದೆ. ಒಂದನ್ನು ಗಾಜಿನ ಲೋಟಕ್ಕೆ ಹಾಕಿ ಕೆಳಗಿನಿಂದ ನೋಡಿ. ನಾಲ್ಕು ಮಿಲಿಮೀಟರ್ ಹುಳದ ಎದೆಯ ಕೆಳಗೆ, ಕಾಲುಗಳ ನಡುವೆ, ಉಬ್ಬಿದ ಚೀಲ ಮತ್ತು ಅದರೊಳಗೆ ಹಳದಿ ಚುಕ್ಕಿಗಳು ಕಂಡರೆ ಅದು ಮರಿಯಲ್ಲ, ಬಸುರಿ. ಸಣ್ಣ ಜಾತಿಯ ದೊಡ್ಡ ಹೆಣ್ಣು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇವು ಎಲ್ಲೂ ಹೋಗಿಲ್ಲ, ಕೆಳಗೆ ಇಳಿದಿವೆ.

ಕೀಟಗಳ ಮೈಮೇಲೆ ಮೇಣದ ತೆಳು ಪದರ ಇರುತ್ತದೆ, ಒಳಗಿನ ನೀರು ಆರಿಹೋಗುವುದಿಲ್ಲ. ಅದಕ್ಕೇ ನಮ್ಮ ಮೇ ತಿಂಗಳ ಬಿಸಿಲಲ್ಲೂ ಇರುವೆ ರಸ್ತೆ ದಾಟುತ್ತದೆ. ಇವಕ್ಕೆ ಆ ಪದರ ಸರಿಯಾಗಿ ಇಲ್ಲ. ಮೇಲಾಗಿ ಉಸಿರಾಟ ನಡೆಯುವುದು ಹಿಂಭಾಗದ ಹೊಟ್ಟೆಯ ಕೆಳಗಿನ ಚಪ್ಪಟೆ ಅಂಗಗಳಿಂದ, ಅವು ಒದ್ದೆಯಾಗಿದ್ದರೆ ಮಾತ್ರ ಕೆಲಸ. ಬೂದು ಹುಳವನ್ನು ಅಂಗಾತ ಮಾಡಿದರೆ ಬಾಲದ ಹತ್ತಿರ ಹಾಲಿನ ಬಣ್ಣದ ಮಚ್ಚೆ ಕಾಣುತ್ತವೆ, ಅದೇ ಅದರ ಶ್ವಾಸಕೋಶ. ಸಣ್ಣ ಬಿಳಿ ಜಾತಿಗಳಿಗೆ ಒಣಹವೆ ಇನ್ನೂ ಕಷ್ಟ, ಮೈ ಸಣ್ಣದಾದಷ್ಟೂ ಬೇಗ ಆರುತ್ತದೆ ಅಲ್ವಾ. ಹಾಗಾಗಿ ಬೂದು ಹುಳ ರಾತ್ರಿ ಹೊತ್ತು ಮೇಲೆ ಬಂದು ತಿರುಗಾಡುತ್ತದೆ, ಬಿಳಿಯದು ಹೆಚ್ಚಾಗಿ ಮಣ್ಣಿನ ಸಂದಿಯಲ್ಲೇ ಇರುತ್ತದೆ. ನೀವು ಪರಸಿ ಎತ್ತಿದಾಗ ನೋಡುವುದು ಅದರ ಮನೆಯ ಮಾಳಿಗೆ ಮಾತ್ರ.

ತುಳಸಿ ಕುಂಡಕ್ಕೆ ದಿನಾ ನೀರು ಹಾಕ್ತೀರಲ್ಲ, ಅದರ ಕೆಳಗಿನ ತಟ್ಟೆ ಎತ್ತಿ ನೋಡಿ ಹೇಳಿ.

ಹಳೇಹೊಲ, ಆಳಂದ

ಮೇಷ್ಟ್ರೇ, ಒಂದು ಮಾತು. ಎಲ್ಲ ಸತ್ತುಹೋಗಿ ಮೊಟ್ಟೆ ಮಾತ್ರ ಮಣ್ಣಿನಲ್ಲಿ ಉಳಿದಿರಬಹುದಲ್ಲ? ಮಿಡತೆ ಹಾಗೇ ಮಾಡುತ್ತದೆ. ಮಳೆ ಬಿದ್ದಾಗ ಮೊಟ್ಟೆ ಒಡೆದು ಹೊಸದು ಬರುತ್ತದೆ. ನಮ್ಮ ಹೊಲದಲ್ಲಿ ಮೇ ತಿಂಗಳಲ್ಲಿ ಗಳೆ ಹೊಡೆದಾಗ ಒಂದೂ ಹುಳ ಕಂಡಿಲ್ಲ ನನಗೆ.

ಲೆನ್ಸ್‌ಮೇಷ್ಟ್ರು, ಕಲಬುರಗಿ

ಒಳ್ಳೆ ಪಾಯಿಂಟ್, ಆದರೆ ಇವುಗಳ ವಿಷಯದಲ್ಲಿ ಆಗುವುದಿಲ್ಲ. ಮಿಡತೆ ಮೊಟ್ಟೆಯನ್ನು ಮಣ್ಣಿಗೆ ಒಪ್ಪಿಸಿ ಹೋಗುತ್ತದೆ. ಇವು ಒಪ್ಪಿಸುವುದಿಲ್ಲ. ಮೊಟ್ಟೆ ತಾಯಿಯ ಎದೆಯ ಕೆಳಗಿನ ಚೀಲದಲ್ಲೇ ಇರುತ್ತದೆ, ಚೀಲದಲ್ಲಿ ನೀರಿನಂಥ ದ್ರವ ತುಂಬಿರುತ್ತದೆ, ಮರಿ ಅದರೊಳಗೇ ಒಡೆದು ಆಮೇಲೆ ಹೊರಗೆ ಬರುತ್ತದೆ. ಸಮುದ್ರ ಬಿಟ್ಟು ಬಂದರೂ ಮರಿಗಷ್ಟು ನೀರನ್ನು ಹೊಟ್ಟೆಗೆ ಕಟ್ಟಿಕೊಂಡೇ ಬಂದಿವೆ. ತಾಯಿ ಒಣಗಿ ಸತ್ತರೆ ಮೊಟ್ಟೆಯೂ ಹೋಯಿತು. ಬೇಸಿಗೆ ದಾಟುವ ಒಣ ಮೊಟ್ಟೆ ಅನ್ನುವುದೇ ಇವುಗಳಲ್ಲಿ ಇಲ್ಲ.

ಅಂದರೆ ಜೂನ್‌ನಲ್ಲಿ ನಿಮ್ಮ ಬದುವಿನಲ್ಲಿ ಹುಳ ಇದ್ದರೆ, ಮೇ ತಿಂಗಳಲ್ಲಿ ಅದೇ ಆಸುಪಾಸಿನಲ್ಲಿ ಕೆಲವಾದರೂ ಜೀವಂತ ಇದ್ದೇ ಇರಬೇಕು. ರೆಕ್ಕೆ ಇಲ್ಲ, ಹಾರಿ ಬರುವ ಮಾತಿಲ್ಲ. ಪರಸಿಮನೆಯವರು ಬೆಳೆದ ಹುಳವೇ ಮೊದಲು ಕಾಣುತ್ತದೆ ಅಂದಿದ್ದಾರೆ, ಅದೂ ಇದಕ್ಕೇ ಹೊಂದುತ್ತದೆ. ಮರಿ ಆಮೇಲೆ, ಮಳೆ ಕೂತ ಮೇಲೆ. ಹೊಸ ಮರಿಗೆ ಆರೇ ಜೊತೆ ಕಾಲು, ಏಳನೇ ಜೊತೆ ಪೊರೆ ಬಿಟ್ಟ ಮೇಲೆ ಬರುತ್ತದೆ. ಜುಲೈನಲ್ಲಿ ಲೆನ್ಸ್ ಹಿಡಿದು ಎಣಿಸಿದರೆ ಸಿಗುತ್ತವೆ.

ಗಳೆ ಹೊಡೆದಾಗ ಕಂಡಿಲ್ಲ ಅಂದಿರಿ. ಗಳೆ ಎಷ್ಟು ಆಳ ಹೋಗುತ್ತದೆ? ಒಂದು ಗೇಣು ಅಂತಿಟ್ಟುಕೊಳ್ಳಿ. ಎರೆ ಹೊಲದ ಬಿರುಕು ಎಷ್ಟು ಆಳ ಇರುತ್ತದೆ? ಕೋಲು ಬಿಟ್ಟು ನೋಡಿ, ಮೂರಡಿ ಕೋಲೂ ಕೆಲವು ಕಡೆ ಮುಳುಗುತ್ತದೆ.

ಇಲ್ಲಿ ನನಗೆ ಬಹಳ ಇಷ್ಟದ ವಿಷಯ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ. ನಮ್ಮ ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ನಮ್ಮಲ್ಲಿ ಸೆಪ್ಟೆಂಬರ್ ಮಳೆಯೇ ಜೋರು, ಮಣ್ಣು ಉಬ್ಬಿ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಒಳಗೆ ನೀರು ಇದೆ, ಗಾಳಿ ಇಲ್ಲ. ಇವು ಬಿಲ ತೋಡುವ ಹುಳ ಅಲ್ಲ, ಇದ್ದ ಸಂದಿಯಲ್ಲಿ ತೂರುವಂಥವು. ಸಂದಿ ಮುಚ್ಚಿದರೆ ಮೇಲೆ ಬರಲೇಬೇಕು. ಅದಕ್ಕೆ ಮಳೆಗಾಲದಲ್ಲಿ ಬದುವಿನ ಕಲ್ಲು, ಕೊಳೆತ ತೊಗರಿ ಕಟ್ಟಿಗೆ, ತಿಪ್ಪೆಯ ಅಂಚು, ಇಲ್ಲೆಲ್ಲ ಗುಂಪು. ಮೇಲೆ ತಂಪು ಇದೆ, ತಿನ್ನಲು ಕೊಳೆತದ್ದು ಇದೆ, ತೊಂದರೆ ಇಲ್ಲ.

ನವೆಂಬರ್ ಆದಮೇಲೆ ಮಣ್ಣು ಬಿರಿಯಲು ಶುರು. ಮೇಲಿನ ತೇವ ಹೋಗುವ ಹೊತ್ತಿಗೇ ಕೆಳಗೆ ಇಳಿಯುವ ದಾರಿ ತೆರೆಯುತ್ತದೆ. ಬೆಳೆಯ ಬೇರು ಕಿತ್ತು ರೈತನಿಗೆ ಸಿಟ್ಟು ತರಿಸುವ ಬಿರುಕೇ ಇವುಗಳಿಗೆ ಬಾಗಿಲು. ಇನ್ನೂ ಒಂದು ಇದೆ. ತೊಗರಿ ಎಲೆ ಉದುರಿಸುವುದು ಅದೇ ಸಮಯಕ್ಕೆ. ಕಾಯಿ ಬಲಿಯುವಾಗ ಸಾಲಿನ ನಡುವೆ ಹಳದಿ ಎಲೆ ಹಾಸಿಗೆ ಬಿದ್ದಿರುತ್ತದೆ ಅಲ್ವಾ, ಗಾಳಿಗೆ ಅದರಲ್ಲಿ ಅರ್ಧ ಬಿರುಕಿನೊಳಗೇ ಬೀಳುತ್ತದೆ. ಮೇಲಿನ ಪುಡಿ ಮಣ್ಣೂ ಬೀಳುತ್ತದೆ. ಎರೆ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ ಅನ್ನುವುದು ಇದಕ್ಕೇ. ಅಂದರೆ ಹುಳ ಕೆಳಗೆ ಇಳಿಯುವಾಗ ಊಟವೂ ಜೊತೆಗೆ ಇಳಿಯುತ್ತದೆ.

ಬಿರುಕಿನ ಬಾಯಲ್ಲಿ ಕೂತರೆ ಬೆಂದುಹೋಗುತ್ತವೆ, ಅಲ್ಲಿ ಬಿಸಿಗಾಳಿ ಆಡುತ್ತದೆ. ಕೆಳಗೆ, ಪಕ್ಕದ ಹೆಂಟೆಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಮೇಲ್ಮೈ ಕಾದು ಕಾಲಿಡಲು ಆಗದಿದ್ದರೂ ಎರಡಡಿ ಕೆಳಗೆ ಹಗಲು ರಾತ್ರಿಯ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ಕ್ಯಾಲಿಫೋರ್ನಿಯಾದ ಹುಲ್ಲುಗಾವಲಿನಲ್ಲಿ, ಉಂಡೆ ಆಗುವ ವುಡ್‌ಲೌಸ್ ಅರ್ಮಡಿಲ್ಲಿಡಿಯಂ ವಲ್ಗೇರ್ ಕೂಡ ಹೀಗೇ ಮಣ್ಣಿನ ಬಿರುಕಿಗೆ ಇಳಿಯುತ್ತದೆ, ಅದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಬ್ರಿಟನ್‌ನಲ್ಲಿ ಇನ್ನೊಂದು ಸಣ್ಣದಿದೆ, ಟ್ರೈಕೋನಿಸ್ಕಸ್ ಪುಸಿಲ್ಲಸ್, ಐದು ಮಿಲಿಮೀಟರ್ ದಾಟುವುದಿಲ್ಲ. ಅದು ಅಲ್ಲಿನ ಚಳಿಗೂ ಮಣ್ಣೊಳಗೆ ಇಳಿಯುತ್ತದೆ, ಒಣ ಬೇಸಿಗೆಗೂ ಇಳಿಯುತ್ತದೆ. ನಮ್ಮಲ್ಲಿ ಇಳಿಸುವುದು ಮುಖ್ಯವಾಗಿ ಒಣಹವೆ.

ಜಂಬಿಟ್ಟಿಗೆ, ಬೀದರ್

ನಮ್ಮ ಕಡೆ ಕಥೆ ಬೇರೆ. ಬೀದರ್ ಕೆಂಪು ಜಂಬಿಟ್ಟಿಗೆ ನೆಲ, ಬಿರುಕೇ ಬಿಡುವುದಿಲ್ಲ. ಆದರೆ ಕಲ್ಲೇ ತೂತು ತೂತು. ನಮ್ಮ ಹಳೇ ಬಾವಿಯ ಗೋಡೆ ಪೂರ್ತಿ ಜಂಬಿಟ್ಟಿಗೆ ಕಲ್ಲಿನದು, ಮೇ ತಿಂಗಳಲ್ಲಿ ಬಾವಿಗೆ ನಾಲ್ಕು ಮೆಟ್ಟಿಲು ಇಳಿದರೆ ಕಲ್ಲಿನ ತೂತುಗಳಲ್ಲಿ ಬೂದು ಹುಳ ಇರುತ್ತವೆ, ಮೇಲೆ ಹಿತ್ತಲಲ್ಲಿ ಒಂದೂ ಇರುವುದಿಲ್ಲ. ತೂತಿನೊಳಗೆ ಬ್ಯಾಟರಿ ಬಿಟ್ಟರೆ ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ, ಮೀಸೆ ಮಾತ್ರ ಅಲುಗಾಡುತ್ತದೆ. ಹಾಗೆ ಒತ್ತಿಕೊಳ್ಳುವುದಕ್ಕೂ ಕಾರಣ ಇದೆಯಾ?

ನಮ್ಮ ಊರಿನ ಸುರಂಗ ಬಾವಿಗಳು, ನೌಬಾದ್ ಕಡೆಯ ಕರೇಜ್, ಅವನ್ನು ಹಳೇ ಕಾಲದವರು ಈ ನೆಲದಲ್ಲಿ ನೀರು ಹೇಗೆ ಜಿನುಗುತ್ತದೆ ಅಂತ ನೋಡಿಯೇ ಕೊರೆದಿದ್ದು. ಮೇಲೆ ಒಣಗಿದ್ದರೂ ಒಳಗೆ ತಂಪು ಇರುತ್ತದೆ. ಹುಳಗಳಿಗೂ ಅದೇ ಲೆಕ್ಕ ಇರಬೇಕು ಅಂತ ನನ್ನ ಅನಿಸಿಕೆ. ಚಳಿಗಾಲದ ಬಗ್ಗೆ ಒಂದು ಸೇರಿಸುತ್ತೇನೆ. ಬೀದರ್ ಎತ್ತರದಲ್ಲಿದೆ, ಡಿಸೆಂಬರ್ ಜನವರಿಯಲ್ಲಿ ರಾತ್ರಿ ಚಳಿ ಚೆನ್ನಾಗೇ ಇರುತ್ತದೆ. ಆಗ ಬಚ್ಚಲು ನೀರು ಹೋಗುವ ಜಾಗದಲ್ಲಿ ಹುಳ ಇರುತ್ತವೆ, ಓಡುವುದಿಲ್ಲ, ಮುಟ್ಟಿದರೂ ಸೋಮಾರಿ. ಮರಿಯೂ ಕಾಣುವುದಿಲ್ಲ.

ಲೆನ್ಸ್‌ಮೇಷ್ಟ್ರು, ಕಲಬುರಗಿ

ಒತ್ತಿಕೊಳ್ಳುವುದು ನೀರು ಉಳಿಸಲು. ಹತ್ತು ಹುಳ ಒಟ್ಟಿಗೆ ಕೂತರೆ ಗಾಳಿಗೆ ತೆರೆದಿರುವ ಮೈ ಕಡಿಮೆ ಆಗುತ್ತದೆ, ಒಂದೊಂದೇ ಇದ್ದರೆ ಬೇಗ ಒಣಗುತ್ತವೆ. ಒಣ ಹವೆಯಲ್ಲಿ ಗುಂಪು ದೊಡ್ಡದಾಗುವುದು ಇದಕ್ಕೇ. ಬಾವಿ ಗೋಡೆಯಲ್ಲಿ ಇನ್ನೊಂದು ಗಮನಿಸಿ. ನೀರು ಜಿನುಗುವ ಜಾಗದಲ್ಲಿ ಕೆಲವು ಹಿಂದೆ ತಿರುಗಿ ಕೂತಿರುತ್ತವೆ. ಬಾಲದ ತುದಿಯಲ್ಲಿ ಎರಡು ಸಣ್ಣ ಕಡ್ಡಿ ಇವೆಯಲ್ಲ, ಅವನ್ನು ಹನಿಗೆ ತಾಗಿಸಿ ನೀರು ಏರಿಸಿಕೊಳ್ಳುತ್ತವೆ. ಬಾಯಲ್ಲೂ ಕುಡಿಯುತ್ತವೆ, ಬಾಲದಲ್ಲೂ ಕುಡಿಯುತ್ತವೆ.

ಚಳಿಗೆ ಸೋಮಾರಿ ಆಗುವುದು ಸಹಜ, ತಣ್ಣನೆ ರಕ್ತದ ಜೀವಿ. ಅಂದ ಹಾಗೆ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ.

ಕಾಲುವೆಬದು, ಯಾದಗಿರಿ

ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆ ನೀರಿನಲ್ಲಿ ನಾವು ಭತ್ತ ಮಾಡುತ್ತೇವೆ. ನಮ್ಮಲ್ಲಿ ಕಾಲವೇ ತಲೆಕೆಳಗು ನೋಡಿ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಫೆಬ್ರುವರಿ ಮಾರ್ಚ್‌ನಲ್ಲಿ ಬದುವಿನ ಮೇಲೆ ಹುಲ್ಲು ರಾಶಿ ಕೆಳಗೆ ಇವು ತುಂಬಿರುತ್ತವೆ. ನೀರು ಬಿಡದ ವರ್ಷ ಅದೇ ಬದುವಿನಲ್ಲಿ ಒಂದೂ ಇಲ್ಲ. ಜಾತ್ರೆ, ಹಬ್ಬ, ನಕ್ಷತ್ರ ಯಾವುದೂ ಇವಕ್ಕೆ ಲೆಕ್ಕಕ್ಕಿಲ್ಲ, ಕಾಲುವೆ ಗೇಟು ಲೆಕ್ಕ.

ಗದ್ದೆಯೊಳಗೆ ಮಾತ್ರ ಯಾವತ್ತೂ ಕಂಡಿಲ್ಲ. ನೀರು ನಿಂತ ಜಾಗಕ್ಕೆ ಬರುವುದಿಲ್ಲ. ಏಡಿ ಜಾತಿ ಅಂತೀರಿ, ಮತ್ತೆ ನೀರು ಅಂದರೆ ಭಯ ಯಾಕೆ?

ಲೆನ್ಸ್‌ಮೇಷ್ಟ್ರು, ಕಲಬುರಗಿ

ಬಿಟ್ಟುಬಂದ ಊರಿಗೆ ವಾಪಸ್ ಹೋಗಲು ಆಗುತ್ತಿಲ್ಲ ಅಷ್ಟೇ. ಉಸಿರಾಟದ ಅಂಗ ಈಗ ಒದ್ದೆ ಗಾಳಿಗೆ ಹೊಂದಿಕೊಂಡಿದೆ. ಸ್ವಲ್ಪ ಹೊತ್ತು ಮುಳುಗಿದರೆ ತಡೆದುಕೊಳ್ಳುತ್ತವೆ, ಜಾಸ್ತಿ ಹೊತ್ತಾದರೆ ಸಾಯುತ್ತವೆ. ಕಲಬುರಗಿಯಲ್ಲಿ ದೊಡ್ಡ ಮಳೆ ಬಿದ್ದ ರಾತ್ರಿ ಇವು ಗೋಡೆ ಹತ್ತುವುದು ಅದಕ್ಕೇ. ಮನೆಯವರು ಹುಳ ಮನೆಗೆ ನುಗ್ಗಿತು ಅಂತ ಹೆದರುತ್ತಾರೆ. ಅವು ಪ್ರವಾಹದಿಂದ ಓಡಿ ಬಂದಿರುತ್ತವೆ ಪಾಪ, ಮನೆಯ ಒಣ ನೆಲದ ಮೇಲೆ ಬೆಳಗಾಗುವುದರೊಳಗೆ ಒಣಗಿ ಬಿದ್ದಿರುತ್ತವೆ.

ನಿಮ್ಮ ಕಾಲುವೆ ಬದುವಿನ ಉದಾಹರಣೆ ನನ್ನ ಉದ್ದದ ಉತ್ತರಕ್ಕಿಂತ ಒಳ್ಳೆಯದು. ಮೆಡಿಟರೇನಿಯನ್, ಯುರೋಪ್ ಕಡೆ ಮರಿ ಹಾಕುವ ಕಾಲ ಹಗಲಿನ ಉದ್ದಕ್ಕೂ ಸೇರಿಕೊಂಡಿದೆ, ಅರ್ಮಡಿಲ್ಲಿಡಿಯಂನಲ್ಲಿ ಹಗಲು ಉದ್ದವಾದಾಗ ಹೆಣ್ಣು ಮರಿಗೆ ತಯಾರಾಗುತ್ತದೆ. ನಮ್ಮ ಬೂದು ಹುಳ ಬೆಚ್ಚಗಿನ ಊರುಗಳಲ್ಲಿ ತೇವ ಸಿಕ್ಕರೆ ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ.

ಪರಸಿಮನೆ, ಕಲಬುರಗಿ

ತುಳಸಿ ಕುಂಡದ ತಟ್ಟೆ ಎತ್ತಿದೆ. ಇವೆ! ಬಿಳಿಯದು ಬಹಳ ಇವೆ. ತಟ್ಟೆಯ ಅಂಚಿನಲ್ಲಿ ಮಣ್ಣು ಒದ್ದೆ ಇರುವ ಗೆರೆ ಇದೆಯಲ್ಲ, ಸರಿಯಾಗಿ ಅದೇ ಗೆರೆ ಮೇಲೆ ಸಾಲಾಗಿ ಕೂತಿವೆ. ಒಂದು ಅಂಗುಲ ಆಚೆ ಒಣ ಕಡೆ ಒಂದೂ ಇಲ್ಲ, ಈಚೆ ನೀರು ನಿಂತ ಕಡೆಯೂ ಇಲ್ಲ. ಲೋಟದಲ್ಲಿ ಹಾಕಿ ಕೆಳಗಿನಿಂದ ನೋಡಿದೆ, ಒಂದಕ್ಕೆ ಚೀಲ ಕಂಡಿತು, ಒಳಗೆ ಹಳದಿ ಕಾಳು ತರಹ. ಏಪ್ರಿಲ್‌ನಲ್ಲೂ ಬಸುರಿ. ಬಚ್ಚಲು ಪಕ್ಕದ ಪರಸಿ ಕೆಳಗೆ ಬೂದು ಹುಳವೂ ಸಿಕ್ಕಿತು, ಮೀಸೆಯಲ್ಲಿ ಬಿಳಿ ಉಂಗುರ ಇದೆ.

ಅದರಲ್ಲಿ ಒಂದು ವಿಚಿತ್ರ. ಹಿಂದಿನ ಅರ್ಧ ಹೊಸದರ ಹಾಗೆ ತಿಳಿ ಬಣ್ಣ, ಮುಂದಿನ ಅರ್ಧ ಹಳೇ ಬೂದು. ನಡುವೆ ಗೆರೆ ಹೊಡೆದ ಹಾಗೆ. ರೋಗವಾ?

ಮತ್ತೆ ಹಳೇ ಪ್ರಶ್ನೆ ಹಾಗೇ ಉಳಿಯಿತು, ಗಿಡಕ್ಕೆ ತೊಂದರೆ ಇದೆಯಾ? ಹೋದ ಮಳೆಗಾಲದಲ್ಲಿ ಬದನೆ ಸಸಿ ಬುಡದಲ್ಲಿ ಕತ್ತರಿಸಿ ಬಿದ್ದಿದ್ದವು, ಪಕ್ಕದಲ್ಲೇ ಇವು ಇದ್ದವು.

ಲೆನ್ಸ್‌ಮೇಷ್ಟ್ರು, ಕಲಬುರಗಿ

ರೋಗ ಅಲ್ಲ, ಪೊರೆ ಬಿಡುತ್ತಿದೆ. ಇವು ಒಂದೇ ಸಲ ಪೂರ್ತಿ ಪೊರೆ ಬಿಡುವುದಿಲ್ಲ. ಮೊದಲು ಹಿಂದಿನ ಅರ್ಧ, ಕೆಲವು ದಿನ ಬಿಟ್ಟು ಮುಂದಿನ ಅರ್ಧ. ಪೂರ್ತಿ ಮೆತ್ತಗಾಗಿ ಕೂರುವ ಅಪಾಯ ಇಲ್ಲ. ಪೊರೆ ಬಿಡುವ ಮುಂಚೆ ಚಿಪ್ಪಿನ ಸುಣ್ಣವನ್ನು ಒಳಗೆ ಎಳೆದುಕೊಂಡು ಎದೆಯ ಕೆಳಗೆ ಬಿಳಿ ಬಿಲ್ಲೆಗಳಾಗಿ ಕೂಡಿಡುತ್ತವೆ, ಆಮೇಲೆ ಹೊಸ ಚಿಪ್ಪಿಗೆ ಬಳಸುತ್ತವೆ. ಬಿಟ್ಟ ಪೊರೆಯನ್ನೂ ತಿನ್ನುತ್ತವೆ. ಶಹಾಬಾದ್ ಪರಸಿ ಅಂದರೆ ಸುಣ್ಣದ ಕಲ್ಲು, ಸುಣ್ಣಕ್ಕೇನೂ ಬರ ಇಲ್ಲ ನಿಮ್ಮ ಹಿತ್ತಲಲ್ಲಿ. ಎಲ್ಲಾದರೂ ಒಂದು ಹುಳ ಪೂರ್ತಿ ನೇರಳೆ ನೀಲಿ ಬಣ್ಣದಲ್ಲಿ ಹೊಳೆಯುತ್ತಾ ಕಂಡರೆ ಅದು ರೋಗ, ಇರಿಡೋವೈರಸ್ ಅಂತ. ಮನುಷ್ಯರಿಗೆ ಹತ್ತುವುದಿಲ್ಲ.

ಬದನೆ ಸಸಿಗೆ ಬಂದರೆ, ಇವುಗಳ ಮುಖ್ಯ ಊಟ ಕೊಳೆತ ಎಲೆ, ಮರ, ಸಗಣಿ. ತಮ್ಮ ಹಿಕ್ಕೆಯನ್ನೇ ಮತ್ತೆ ತಿನ್ನುತ್ತವೆ. ಸಣ್ಣ ಬಿಳಿಯದರಿಂದ ಗಿಡಕ್ಕೆ ಹೆದರಬೇಕಾಗಿಲ್ಲ, ಅದು ಕುಂಡದ ಬೂಸ್ಟು, ಕೊಳೆತ ಬೇರು ತಿಂದು ಇರುತ್ತದೆ. ದೊಡ್ಡ ಜಾತಿಗಳು ಎಳೆ ಸಸಿಯನ್ನು ಕೆರೆಯುವುದು ಇದೆ, ಸುಳ್ಳು ಹೇಳಲಾರೆ. ಅರ್ಜೆಂಟೀನಾದಲ್ಲಿ ಉಳುಮೆ ಇಲ್ಲದೆ ಸೋಯಾ ಬೆಳೆಯುವ ಹೊಲಗಳಲ್ಲಿ ಅರ್ಮಡಿಲ್ಲಿಡಿಯಂ ಪೀಡೆಯೇ ಆಗಿದೆ, ಹಳೇ ಬೆಳೆಯ ಕಸದ ದಪ್ಪ ಹಾಸಿಗೆ ಕೆಳಗೆ ಬೆಳೆದು ಮೊಳಕೆ ತಿನ್ನುತ್ತದೆ. ನಿಮ್ಮ ಹಿತ್ತಲಿಗೆ ಅಷ್ಟು ಇಲ್ಲ. ಸಸಿ ಬುಡದಲ್ಲಿ ನೇರ ಕತ್ತರಿಸಿ ಬಿದ್ದಿದ್ದರೆ ನನಗೆ ಅನುಮಾನ ಕತ್ತರಿಸುವ ಹುಳದ ಮೇಲೆ, ಅದು ಹಗಲು ಬುಡದ ಮಣ್ಣಲ್ಲಿ ಸುರುಳಿಯಾಗಿ ಮಲಗಿರುತ್ತದೆ, ಕೆದಕಿದರೆ ಸಿಗುತ್ತದೆ. ವುಡ್‌ಲೌಸ್ ತಿಂದರೆ ಕೆರೆದ ಗುರುತು ಇರುತ್ತದೆ, ಒಂದೇ ಏಟಿಗೆ ಕತ್ತರಿಸುವ ಬಾಯಿ ಅದಕ್ಕಿಲ್ಲ. ರಾತ್ರಿ ಒಂಬತ್ತರ ಮೇಲೆ ಬ್ಯಾಟರಿ ಹಿಡಿದು ಹೋಗಿ, ಕಳ್ಳ ಯಾರು ಅಂತ ಕಣ್ಣಾರೆ ನೋಡಿ. ಸಸಿ ಗಟ್ಟಿಯಾಗುವ ತನಕ ಬುಡಕ್ಕೆ ಒದ್ದೆ ಎಲೆ ಮುಚ್ಚಬೇಡಿ, ಒಂದು ಗೇಣು ದೂರ ಹಾಕಿ. ಅಷ್ಟು ಸಾಕು.

ಹಳೇಹೊಲ, ಆಳಂದ

ಬಿರುಕಿನ ವಿಷಯ ಕೇಳಲು ಚೆನ್ನಾಗಿದೆ. ನೋಡದೆ ಒಪ್ಪುವುದು ಕಷ್ಟ. ಮೂರಡಿ ಯಾರು ಅಗೆಯಬೇಕು ಈ ಬಿಸಿಲಲ್ಲಿ? ಅಗೆದರೂ ಈ ಕರಿ ಹೆಂಟೆಯಲ್ಲಿ ಜೋಳದಷ್ಟಿಲ್ಲದ ಹುಳ ಹೇಗೆ ಹುಡುಕುವುದು?

ಲೆನ್ಸ್‌ಮೇಷ್ಟ್ರು, ಕಲಬುರಗಿ

ಅಗೆಯುವುದು ಬೇಡ. ಬದುವಿನ ಪಕ್ಕ ದೊಡ್ಡ ಬಿರುಕು ನೋಡಿ, ಗೋಣಿಚೀಲ ನೆನೆಸಿ ಸಂಜೆ ಅದರ ಬಾಯಿಗೆ ಮುಚ್ಚಿ, ಅಂಚಿಗೆ ಕಲ್ಲು ಇಡಿ. ಒಳಗೆ ಅರ್ಧ ಆಲೂಗಡ್ಡೆ ಬೋರಲು ಇಟ್ಟರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಬಿಸಿಲೇರುವ ಮುಂಚೆ ಎತ್ತಿ ನೋಡಿ. ಒಂದೇ ರಾತ್ರಿಗೆ ಸಿಗದಿದ್ದರೆ ಚೀಲ ಮತ್ತೆ ನೆನೆಸಿ ಬಿಡಿ. ಚೇಳು ಕೂಡ ಇದೇ ನೆರಳಿಗೆ ಬರುತ್ತದೆ, ಬರಿಗೈಯಲ್ಲಿ ಎತ್ತಬೇಡಿ.

ಸಣ್ಣ ಬಿಳಿಯದಕ್ಕೆ ಬೇರೆ ಉಪಾಯ. ಎರಡು ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಬೋರಲು ಹಾಕಿದರೆ ಲಾಳಿಕೆ ಆಗುತ್ತದೆ. ಒಳಗೆ ಸೊಳ್ಳೆ ಪರದೆಯ ತುಂಡು, ಅದರ ಮೇಲೆ ಬಿರುಕಿನಿಂದ ಕೈಗೆ ಸಿಗುವಷ್ಟು ಆಳದ ಮಣ್ಣು, ಪುಡಿ ಮಾಡದೆ ಹೆಂಟೆಯಾಗಿಯೇ ಇಡಿ. ಕೆಳಗೆ ಒದ್ದೆ ಕಾಗದ ಹಾಸಿದ ಲೋಟ. ಮೇಲಿನಿಂದ ಬಲ್ಬ್ ಹಚ್ಚಿ. ಮಣ್ಣು ಮೇಲಿನಿಂದ ಒಣಗುತ್ತಾ ಬಂದ ಹಾಗೆ ಹುಳ ಕೆಳಗೆ ಕೆಳಗೆ ಸರಿದು ಕೊನೆಗೆ ಲೋಟಕ್ಕೆ ಬೀಳುತ್ತವೆ. ಇಟಲಿಯ ಬರ್ಲೇಸೆ ಶುರು ಮಾಡಿದ ವಿಧಾನ, ಬಲ್ಬ್ ಸೇರಿಸಿದ್ದು ಸ್ವೀಡನ್‌ನ ಟಲ್‌ಗ್ರೆನ್. ಮಣ್ಣಿನ ಜೀವಿ ನೋಡುವವರೆಲ್ಲ ಇವತ್ತಿಗೂ ಇದನ್ನೇ ಬಳಸುತ್ತಾರೆ. ನಮ್ಮ ಹೊಲದಲ್ಲಿ ಬಿಸಿಲು ನಾಲ್ಕು ತಿಂಗಳಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಬಲ್ಬ್ ಒಂದೆರಡು ದಿನದಲ್ಲಿ ಮಾಡುತ್ತದೆ.

ಜಂಬಿಟ್ಟಿಗೆ, ಬೀದರ್

ಎಲ್‌ಇಡಿ ಬಲ್ಬ್ ನಡೆಯುತ್ತದಾ? ಮನೆಯಲ್ಲಿ ಹಳೇ ಬಲ್ಬ್ ಒಂದೂ ಉಳಿದಿಲ್ಲ.

ಲೆನ್ಸ್‌ಮೇಷ್ಟ್ರು, ಕಲಬುರಗಿ

ನಡೆಯುವುದಿಲ್ಲ, ಶಾಖ ಸಾಲದು. ಹಳೇ ತಂತಿಯ 40 ವ್ಯಾಟ್ ಬಲ್ಬ್ ಬೇಕು, ಕೋಳಿ ಮರಿ ಸಾಕುವವರ ಹತ್ತಿರ ಸಿಗುತ್ತದೆ. ಒಂದು ಗೇಣು ಎತ್ತರದಲ್ಲಿ ಕಟ್ಟಿ. ತೀರಾ ಹತ್ತಿರ ಕಟ್ಟಿದರೆ ಸಣ್ಣವು ಇಳಿಯುವ ಮುಂಚೆ ಅಲ್ಲೇ ಒಣಗಿಬಿಡುತ್ತವೆ.

ಹಳೇಹೊಲ, ಆಳಂದ

ಗೋಣಿಚೀಲ ಇವತ್ತೇ ಹಾಕುತ್ತೇನೆ, ಎರಡು ಕಡೆ. ಒಂದು ಬಿರುಕಿನ ಬಾಯಿಗೆ, ಒಂದು ಬಿರುಕಿಲ್ಲದ ಗರಸಿನ ಮೇಲೆ. ಎರಡರ ಕೆಳಗೂ ಆಲೂಗಡ್ಡೆ. ಸಿಕ್ಕಿದ್ದು ಸಿಗದಿದ್ದು ಇಲ್ಲೇ ಬರೆಯುತ್ತೇನೆ.